ಮದನಪಲ್ಲಿಯಿಂದ ಮಲಾವಿಯವರೆಗೆ



ಮದನಪಲ್ಲಿ ಅಂದ ಕೂಡಲೇ ಶ್ರೀನಿವಾಸಪುರದ ರೈತರಿಗೆ ಟೊಮೆಟೊ ದರ ನೆನಪಾಗುತ್ತದೆ. ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದದ್ದು ಬೇರೆ, ಆರೋಗ್ಯವರಂ. ರಾಯಲ್ಪಾಡಿನಾಚೆ ಆಂಧ್ರದ ಗಡಿ ದಾಟಿದರೆ ಸಿಗುವ ಈ ಕ್ಷಯರೋಗದ ಸ್ಯಾನಿಟೋರಿಯಂ ಶುರುವಾದದ್ದು 1910ರ ದಶಕದಲ್ಲಿ. ಆಗ ಕ್ಷಯಕ್ಕೆ ಮದ್ದೇ ಇರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಊಟ, ತಿಂಗಳುಗಟ್ಟಲೆ ವಿಶ್ರಾಂತಿ, ಉಳಿದದ್ದು ದೇವರಿಗೆ.

ಇವತ್ತು ನಾನು ಮಾತಾಡಬೇಕಾದದ್ದು ಆಫ್ರಿಕಾದಲ್ಲಿ ಆಪರೇಷನಲ್ ರಿಸರ್ಚ್ ಬೇರೂರಿದ ಕಥೆ. ಅದಕ್ಕೆ ಮದನಪಲ್ಲಿ ಏಕೆ ಅನ್ನುತ್ತೀರಾ? ಆ ಕಥೆಯ ಒಂದು ಬೇರು ಮದನಪಲ್ಲಿಗೂ ಬೆಂಗಳೂರಿಗೂ ನಡುವಿನ ಈ ನಮ್ಮ ಕೋಲಾರ ಸೀಮೆಯ ಸುತ್ತಮುತ್ತಲೇ ಇದೆ.

ಆಪರೇಷನಲ್ ರಿಸರ್ಚ್ ಎಂಬ ಈ ವಿದ್ಯೆ ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ. ಇರುವ ವಿಮಾನ, ಇರುವ ಹಡಗು, ಇರುವ ಜನ, ಇಷ್ಟರಲ್ಲೇ ಹೆಚ್ಚು ಫಲ ಸಿಗುವುದು ಹೇಗೆ ಎಂದು ಬ್ಲ್ಯಾಕೆಟ್‌ರಂಥ ವಿಜ್ಞಾನಿಗಳು ಬ್ರಿಟನ್ನಿನ ಸೇನೆಗೆ ಲೆಕ್ಕ ಹಾಕಿಕೊಟ್ಟರು. ಯುದ್ಧ ಮುಗಿದ ಮೇಲೆ ಅದು ಕಾರ್ಖಾನೆ, ರೈಲ್ವೆಗಳಿಗೆ ಹಬ್ಬಿತು. 1957ರಲ್ಲಿ ಭಾರತದಲ್ಲಿ ಅದರ ಸೊಸೈಟಿ ಆಯಿತು, 1959ರಲ್ಲಿ ಜಾಗತಿಕ ಒಕ್ಕೂಟ, 1969ರಲ್ಲಿ ದಕ್ಷಿಣ ಆಫ್ರಿಕಾದಲ್ಲೊಂದು ಸಂಘ. ಸಂಘಗಳ ಚರಿತ್ರೆ ಇಷ್ಟು ಸಾಕು.

ನನ್ನ ಮನಸ್ಸು ನಿಲ್ಲುವುದು ಅದೇ 1959ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮೇಲೆ. ಆ ಹೊತ್ತಿಗೆ ಆರೋಗ್ಯವರಂನ ಡಾ. ಯೋಹಾನೆಸ್ ಫ್ರಿಮೋಟ್-ಮೊಲ್ಲರ್ 1950ರಿಂದ 55ರವರೆಗೆ ಮದನಪಲ್ಲಿಯ ಸುತ್ತಲ ಹಳ್ಳಿಗಳಲ್ಲಿ ದೊಡ್ಡ ಸಮೀಕ್ಷೆ ನಡೆಸಿದ್ದರು. ಕ್ಷಯ ಪಟ್ಟಣದ ರೋಗ ಅಂದುಕೊಂಡಿದ್ದವರಿಗೆ, ಹಳ್ಳಿಯಲ್ಲೂ ಅಷ್ಟೇ ಇದೆ ಎಂದು ರಾಷ್ಟ್ರೀಯ ಸಮೀಕ್ಷೆಯೂ ತೋರಿಸಿತ್ತು. ಮಾತ್ರೆ ನುಂಗುತ್ತಾ ಮನೆಯಲ್ಲೇ ಇದ್ದರೂ ಸ್ಯಾನಿಟೋರಿಯಂನಷ್ಟೇ ಚೆನ್ನಾಗಿ ಗುಣವಾಗುತ್ತದೆ ಎಂದು ಮದ್ರಾಸಿನ ಪ್ರಯೋಗ ಹೇಳಿತು. ಮದ್ದು ಸಿಕ್ಕಿತು, ಸರಿ. ಇರುವ ಆಸ್ಪತ್ರೆ, ಇರುವ ಜನರಿಂದಲೇ ಲಕ್ಷಾಂತರ ಹಳ್ಳಿಗಳಿಗೆ ಅದನ್ನು ತಲುಪಿಸುವುದು ಹೇಗೆ? ಯುದ್ಧಕಾಲದ ಅದೇ ಪ್ರಶ್ನೆ.

ಬೆಂಗಳೂರಿನ ಆ ಸಂಸ್ಥೆಗೆ ಬರುತ್ತಾರೆ ದೇಬಬರ್ ಬ್ಯಾನರ್ಜಿ. ಓದಿದ್ದು ವೈದ್ಯಕೀಯ, ಆಮೇಲೆ ಅಮೆರಿಕಕ್ಕೆ ಹೋಗಿ ಮಾನವಶಾಸ್ತ್ರ. ಆಗ ಎಲ್ಲರ ನಂಬಿಕೆ ಏನೆಂದರೆ, ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮನ್ನು ಲೆಕ್ಕಿಸುವುದಿಲ್ಲ, ಆಸ್ಪತ್ರೆಗೆ ಬರುವುದಿಲ್ಲ, ನಾವೇ ಎಕ್ಸ್‌ರೇ ಗಾಡಿ ಹೊಡೆದುಕೊಂಡು ಮನೆಮನೆಗೆ ಹೋಗಬೇಕು. ಬ್ಯಾನರ್ಜಿಯವರು, ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಜೊತೆ, ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳ ಮುಂದೆ ಕೂತು ಕೇಳಿದರು. ನಿಮಗೆ ಏನಾಗುತ್ತಿದೆ? ಏನು ಮಾಡಿದಿರಿ?

ಉತ್ತರ ಅಚ್ಚಾದದ್ದು 1963ರ ಪ್ರಬಂಧದಲ್ಲಿ. ಕಫದಲ್ಲಿ ಕ್ಷಯಾಣು ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಬಹುಪಾಲು ಜನ ಆತಂಕದಲ್ಲೂ ಇದ್ದರು. ಅರ್ಧದಷ್ಟು ಮಂದಿ ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟಿಯೂ ಬಂದಿದ್ದರು! ಅಲ್ಲಿ ಹೆಚ್ಚಿನವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಅವರ ಕಫ ಪರೀಕ್ಷೆ ಆಗಿರಲಿಲ್ಲ. ತಪ್ಪು ಹಳ್ಳಿಯವರದಲ್ಲ, ಆಸ್ಪತ್ರೆಯದು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪ್ರಬಂಧ ಅಚ್ಚಾಗುವ ಮೊದಲೇ ಆ ಒಂದು ತಿಳಿವಳಿಕೆ ಯೋಜನೆಯನ್ನೇ ತಿರುಗಿಸಿತು. ಬೇರೆ ಆಸ್ಪತ್ರೆ ಬೇಡ, ಬೇರೆ ಸೈನ್ಯ ಬೇಡ, ಕೆಮ್ಮುತ್ತಾ ತಾನಾಗಿ ಬಂದವರ ಕಫ ನೋಡಿ, ಅಲ್ಲೇ ಮಾತ್ರೆ ಕೊಡಿ. 1962ರ ಜಿಲ್ಲಾ ಕ್ಷಯ ಕಾರ್ಯಕ್ರಮ ನಿಂತದ್ದು ಈ ತತ್ವದ ಮೇಲೆ. ನಾರ್ವೆಯ ವಾಲರ್ ಅದೇ ವರ್ಷ ಆಂಡರ್ಸನ್ ಜೊತೆ ಸೇರಿ ಕ್ಷಯದ ಹರಡುವಿಕೆಗೆ ಗಣಿತದ ಮಾದರಿ ಕಟ್ಟಿದರು. ಭಾರತದ ಕ್ಷಯ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ದುಡಿದ ಡೆನ್ಮಾರ್ಕಿನ ಹಾಫ್ಡನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು.

ಮುಂದೆ ಆಫ್ರಿಕಾ. 1970ರ ದಶಕದ ಕೊನೆಯಲ್ಲಿ ಕಾರೆಲ್ ಸ್ಟಿಬ್ಲೊ ಎಂಬ ಚೆಕ್ ವೈದ್ಯರು ತಾಂಜಾನಿಯಾದಲ್ಲಿ ಕೆಲಸ ಶುರುಮಾಡಿದರು. ಅಲ್ಲೂ ಇದ್ದ ಆಸ್ಪತ್ರೆಗಳೇ, ಇದ್ದ ಸಿಬ್ಬಂದಿಯೇ. ಅವರು ಪಟ್ಟುಹಿಡಿದದ್ದು ರಿಜಿಸ್ಟರ್‌ಗೆ: ಮೂರು ತಿಂಗಳಿಗೊಮ್ಮೆ ಎಷ್ಟು ಜನ ಸೇರಿದರು, ಎಷ್ಟು ಜನ ಗುಣವಾದರು, ಎಷ್ಟು ಜನ ನಡುವೆ ಬಿಟ್ಟರು ಎಂಬ ಲೆಕ್ಕ. ಇತ್ತ ನಮ್ಮ ಕಾರ್ಯಕ್ರಮ ಹಣವಿಲ್ಲದೆ, ಗಮನವಿಲ್ಲದೆ ಸೊರಗಿತು. 1992ರ ಪರಿಶೀಲನೆಯಲ್ಲಿ, ಚಿಕಿತ್ಸೆ ಪೂರ್ತಿ ಮಾಡುವವರು ಅರ್ಧಕ್ಕಿಂತ ಕಡಿಮೆ ಎಂದು ಕಂಡುಬಂತು. ಮರುವರ್ಷ ಭಾರತ ಪ್ರಯೋಗಕ್ಕೆ ತೆಗೆದುಕೊಂಡದ್ದು ತಾಂಜಾನಿಯಾದಲ್ಲಿ ಪಳಗಿದ ವಿಧಾನವನ್ನೇ. ನಮ್ಮಲ್ಲಿ ಹುಟ್ಟಿದ ಯೋಚನೆಯನ್ನು ನಾವೇ ಉಪವಾಸ ಕೆಡವಿ, ಅವರ ಕೈಯಿಂದ ಮರಳಿ ಪಡೆದೆವು.

ಮಲಾವಿಯಲ್ಲಿ ಆಂಥನಿ ಹ್ಯಾರಿಸ್ ಎಂಬ ವೈದ್ಯರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಲೆಕ್ಕ ಬರೆಯುವವರೇ ಲೆಕ್ಕವನ್ನು ಪ್ರಶ್ನಿಸಲಿ ಎಂದರು. ಕ್ಷಯದ ವಿರುದ್ಧ ದುಡಿಯುವ 'ದಿ ಯೂನಿಯನ್' ಮತ್ತು 'ಗಡಿರಹಿತ ವೈದ್ಯರು' ಸಂಸ್ಥೆಗಳು 2009ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಕೋರ್ಸ್ ತೆರೆದವು. ಆಮೇಲೆ ಅದು ಆಫ್ರಿಕಾ, ಏಷ್ಯಾಗಳಿಗೂ ಬಂತು. ಕಾರ್ಯಕ್ರಮದಲ್ಲಿ ದುಡಿಯುವವರು ತಮ್ಮದೇ ಜಿಲ್ಲೆಯ ಒಂದು ಪ್ರಶ್ನೆ ಎತ್ತಿಕೊಂಡು, ತಮ್ಮದೇ ರಿಜಿಸ್ಟರ್‌ಗಳಿಂದ ಉತ್ತರ ಹುಡುಕಿ, ಪತ್ರಿಕೆಗೆ ಪ್ರಬಂಧ ಕಳಿಸಬೇಕು. ಗಡುವು ತಪ್ಪಿಸಿದವರಿಗೆ ಮುಂದಿನ ಹಂತವಿಲ್ಲ. ಸಮ್ಮೇಳನಗಳಿಗಿಂತ ಈ ಕಟ್ಟುನಿಟ್ಟೇ ಆಫ್ರಿಕಾದಲ್ಲಿ ಸಂಶೋಧಕರನ್ನು ಬೆಳೆಸಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೋಲಾರದಲ್ಲೂ ಪ್ರಶ್ನೆಗಳಿಗೆ ಬರವಿಲ್ಲ. ಮಾಲೂರಿನ ಇಟ್ಟಿಗೆ ಗೂಡಿಗೆ ದೂರದಿಂದ ಬಂದ ಕೂಲಿಯವರಿಗೆ ಆರು ತಿಂಗಳ ಚಿಕಿತ್ಸೆ ಶುರುವಾದ ಮೇಲೆ ಕೆಲಸ ಮುಗಿದು ಊರಿಗೆ ಹೋದರೆ ಮಾತ್ರೆ ಯಾರು ಕೊಡುತ್ತಾರೆ? ಮುಳಬಾಗಿಲಿನಿಂದ ಗಡಿ ದಾಟಿದ ರೋಗಿಯ ಹೆಸರು ಯಾವ ರಾಜ್ಯದ ಪುಸ್ತಕದಲ್ಲಿರುತ್ತದೆ? ಇದನ್ನು ಕೇಳುತ್ತಿರುವ ಆರೋಗ್ಯ ಸಹಾಯಕಿಯರಿಗೆ, ಲ್ಯಾಬ್ ಟೆಕ್ನಿಷಿಯನ್ನರಿಗೆ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ನನ್ನದೊಂದು ಬಿನ್ನಹ: ನಿಮ್ಮ ಮುಂದಿರುವ ರಿಜಿಸ್ಟರ್ ತೆರೆದು, ನಡುವೆ ಚಿಕಿತ್ಸೆ ಬಿಟ್ಟವರ ಹೆಸರುಗಳನ್ನು ಈ ವಾರವೇ ಒಮ್ಮೆ ಓದಿ, ಏಕೆ ಬಿಟ್ಟರು ಎಂದು ಹೋಗಿ ಕೇಳಿ, ಕೇಳಿದ್ದನ್ನು ಬರೆದಿಡಿ.