ಎದೆಯೊಳಗಿನ ಅಳುಕು



ಹೊಡೆತ, ಬಹಿಷ್ಕಾರ, ಬೆಂಕಿ, ಇವುಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಕೇಸು ಹಾಕಲಿಕ್ಕೆ ಬಾರದ ಒಂದು ಸಂಗತಿ ಇದೆ, ಇವತ್ತು ಅದನ್ನ ಮಾತಾಡೋಣ. ಯಾರೂ ಏನೂ ಅಂದಿರೋದಿಲ್ಲ, ಆದರೂ ಎದೆ ಪುಕಪುಕ ಅಂತದೆ. ಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋಗ್ತೀವಿ. ಮಾಲೀಕರು ಮನೆ ತೋರಿಸಿ, ನಲ್ಲಿ ನೀರು ಎಷ್ಟು ಹೊತ್ತಿಗೆ ಬರ್ತದೆ ಅಂತಲೂ ಹೇಳಿ, ಕೊನೆಗೆ ನಗ್ತಾ 'ತಾವು ಯಾವ ಜನ?' ಅಂತಾರೆ. ಆ ಪ್ರಶ್ನೆ ಬರೋ ಮುಂಚೆಯೇ ನಮ್ಮ ಬಾಯಿ ಒಣಗಿರ್ತದೆ. ಸುಳ್ಳು ಹೇಳಿ ಒಳಗೆ ಹೋದವರ ಪಾಡು ಇನ್ನೂ ಕಷ್ಟ. ಊರಿಂದ ಅವ್ವ ಬಂದರೆ ಅವಳ ಮಾತಲ್ಲೇ ಗೊತ್ತಾಗಿಬಿಟ್ಟರೆ? ಗೋಡೆ ಮೇಲೆ ಬಾಬಾಸಾಹೇಬರ ಪಟ ಹಾಕೋ ಹಾಗಿಲ್ಲ. ಬಾಡು ಬೇಯಿಸಿದ ದಿನ ಕಿಟಕಿ ಮುಚ್ಚಬೇಕು. (ಮಕ್ಕಳು ಮರಿ ಕಟ್ಟಿಕೊಂಡು ಹೀಗೆ ಬದುಕೋರನ್ನ ಇಲ್ಲಿ ಯಾರೂ ಹಂಗಿಸಬಾರದು.)

ಓದಿದವರು ಇದನ್ನ 'ಕೀಳರಿಮೆ' ಅಂತ ಒಂದೇ ಮಾತಲ್ಲಿ ತಳ್ಳಿಹಾಕ್ತಾರೆ, ಧೈರ್ಯ ತಂದ್ಕೊಳ್ಳಿ ಅಂತಾರೆ. ಹಾಗಾದರೆ ಬಾಬಾಸಾಹೇಬರಿಗೆ ಧೈರ್ಯ ಕಮ್ಮಿ ಇತ್ತೆ? ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದು 1917ರಲ್ಲಿ ಅವರು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ತಂಗಲು ಜಾಗವಿಲ್ಲದೆ, ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರದಲ್ಲಿ ಉಳಿದರು. ಗೊತ್ತಾದರೆ ಅಪಾಯ ಅನ್ನೋದು ಅವರಿಗೆ ತಿಳಿದೇ ಇತ್ತು. ರಾತ್ರಿಯಾದರೆ ಕತ್ತಲು, ಬಾವಲಿ, ಮಾತಾಡಲು ಒಬ್ಬರಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನ ಹೊರಡಿಸಿತು. ಹಿಂದೂ ಗೆಳೆಯ, ನೀವು ಬಂದರೆ ಆಳುಗಳು ಬಿಟ್ಟುಹೋಗ್ತಾರೆ ಅಂದ. ಕ್ರೈಸ್ತ ಗೆಳೆಯ, ಹೆಂಡತಿಯನ್ನ ಕೇಳಿ ಹೇಳ್ತೀನಿ ಅಂದ. ಸಾರ್ವಜನಿಕ ತೋಟದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಆ ಅಳುಕು ರೋಗವೇನಲ್ಲ, ದೊಣ್ಣೆ ನಿಜವಾಗಿ ಬಂತಲ್ಲ!

ನಮ್ಮ ಎದೆ ಪುಕಪುಕ ಅನ್ನೋದೂ ಹೀಗೆ ತಲೆತಲಾಂತರದಿಂದ ಕಲಿತ ಎಚ್ಚರ. ಹೋಟೆಲಿನೊಳಕ್ಕೆ ಬಿಡದಿದ್ದರೆ ಅಪರಾಧ ಅಂತ 1955ರಲ್ಲೇ ಕಾಯ್ದೆ ಬಂತು. ಒಳಗೆ ಬಿಟ್ಟು ಮುಖ ಸಿಂಡರಿಸಿದರೆ ಯಾವ ಸೆಕ್ಷನ್ ಹಾಕೋಣ? ಅವರಿಗೂ ಒಂದು ಕಸಿವಿಸಿ ಇದೆ ಅನ್ನಿ. ನಾವು ಇಸ್ತ್ರಿ ಅಂಗಿ ಹಾಕಿ ಎದುರಿಗೆ ಕಾಲಮೇಲೆ ಕಾಲು ಹಾಕಿ ಕೂತರೆ ಅವರಿಗೆ ಕೂರಲಿಕ್ಕೆ ಆಗೋದಿಲ್ಲ. ಆದರೆ ಅವರ ಕಸಿವಿಸಿಗೆ ನಮ್ಮ ಕೇರಿ ದಂಡ ತೆರಬೇಕಾಗ್ತದೆ. ನಮ್ಮದಕ್ಕೆ ನಾವೇ ನಿದ್ದೆಗೆಡಬೇಕು.

ಒಂದು ಕೆಲಸ ಮಾಡಿ ನೋಡೋಣ. ಮನೆ ಹುಡುಕೋ ಹುಡುಗರು ಇನ್ನು ಒಬ್ಬೊಬ್ಬರೇ ಹೋಗೋದು ಬೇಡ. ಮೂರು ನಾಲ್ಕು ಜನ ಕೂಡಿ ಹೋಗಿ. ಅವರು ಕೇಳೋ ಮೊದಲೇ ಜಾತಿ ಹೇಳಿ. ಮನೆ ಸಿಗದೆ ಇರಬಹುದು. ಆಗ ಯಾರ ಮೋರೆ ಕಪ್ಪಿಡ್ತದೆ ಅಂತ ನೋಡಿಕೊಂಡು ಬಂದು, ಮುಂದಿನ ಸಭೆಯಲ್ಲಿ ಹೇಳಿ.