ಒಬ್ಬರೇ ಓದಲಾಗದ ಪುಸ್ತಕ



ಬಡಾವಣೆಯ ಓದುಕೂಟ ಎಂದರೆ ಏನೆಂದು ನಿಮಗೆಲ್ಲ ಗೊತ್ತು. ತಿಂಗಳಿಗೊಮ್ಮೆ ಯಾರದೋ ಮನೆಯ ಹಜಾರದಲ್ಲೋ ಅಪಾರ್ಟ್‌ಮೆಂಟಿನ ತಾರಸಿಯಲ್ಲೋ ಹತ್ತು ಹನ್ನೆರಡು ಜನ ಕೂಡುತ್ತಾರೆ, ಒಂದು ಪುಸ್ತಕದ ಸುತ್ತ ಮಾತಾಡುತ್ತಾರೆ. ಹೀಗೆ ಕೂಡುವುದೇ ಸಂತೋಷದ ಸಂಗತಿ. ಆದರೆ ಮುಂದಿನ ತಿಂಗಳಿಗೆ ಯಾವ ಪುಸ್ತಕ ಎಂಬ ಪ್ರಶ್ನೆ ಎದ್ದಾಗ ಸುಲಭದ ದಾರಿಯೊಂದು ಕಾಣಿಸುತ್ತದೆ: ವಾಟ್ಸ್ಆ್ಯಪ್ ಗುಂಪಿನಲ್ಲಿ ಮತ ಹಾಕಿ, ಬೇಗ ಮುಗಿಯುವ, ಯಾರಿಗೂ ಬೇಜಾರಾಗದ ಪುಸ್ತಕವೊಂದನ್ನು ಗೊತ್ತುಮಾಡಿಬಿಡುವುದು. ಅಂಥ ಪುಸ್ತಕವನ್ನು ಓದಲು ಕೂಟ ಯಾಕೆ ಬೇಕು? ಮನೆಯಲ್ಲಿ ಮಲಗಿಕೊಂಡೇ ಓದಬಹುದಲ್ಲ. ಒಬ್ಬರ ಕೈಗೆ ಬಗ್ಗದೆ, ನಾಲ್ಕು ಜನ ಸೇರಿದಾಗ ತೆರೆದುಕೊಳ್ಳುವ ಪುಸ್ತಕವನ್ನೇ ಓದುಕೂಟ ಆರಿಸಬೇಕು ಎಂಬುದು ಈ ಹೊತ್ತು ನಾನು ನಿಮ್ಮ ಮುಂದಿಡುವ ವಾದ.

ಕನ್ನಡಕ್ಕೆ ಇದು ಹೊಸತೇನಲ್ಲ. ಕುಮಾರವ್ಯಾಸನ ಭಾರತದಲ್ಲಿ ಹತ್ತು ಪರ್ವಗಳಿವೆ, ಎಂಟು ಸಾವಿರಕ್ಕೂ ಮಿಕ್ಕಿ ಭಾಮಿನಿ ಷಟ್ಪದಿಗಳಿವೆ. ಓದುಬರಹ ಬಲ್ಲವರು ಬೆರಳೆಣಿಕೆಯಷ್ಟಿದ್ದ ಊರುಗಳಲ್ಲಿ ಇಷ್ಟು ದೊಡ್ಡ ಕಾವ್ಯ ಐದು ಶತಮಾನ ಬಾಳಿ ಬಂದದ್ದು ಗಮಕದಿಂದ. ಒಬ್ಬರು ರಾಗವಾಗಿ ವಾಚಿಸಬೇಕು, ಇನ್ನೊಬ್ಬರು ಅರ್ಥ ಬಿಡಿಸಬೇಕು, ಉಳಿದವರು ಕೇಳಬೇಕು. ರಾತ್ರಿಗಳ ಮೇಲೆ ರಾತ್ರಿ ಇದು ನಡೆಯಬೇಕು. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಇಂದಿಗೂ ಗಮಕದ ಊರೆಂದೇ ಹೆಸರಾಗಿದೆ, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಆ ಕೇಳುಗರಿಗೆ ಕಥೆ ಮೊದಲೇ ಗೊತ್ತಿತ್ತು ಎಂಬುದನ್ನು ಗಮನಿಸಿ. ಕರ್ಣ ಸಾಯುತ್ತಾನೆಂದು ತಿಳಿದೇ ಬರುತ್ತಿದ್ದರು. ಕೊನೆ ಏನಾಗುತ್ತದೆಂಬ ಕುತೂಹಲವೇ ಓದಿನ ದೊಡ್ಡ ಆಕರ್ಷಣೆ ಎಂದು ನಂಬಿ ಪುಸ್ತಕ ಆರಿಸುವವರಿಗೆ ಇದರಲ್ಲಿ ಕಲಿಯುವುದಿದೆ. ಹಾಗೆಂದು ಆ ಕಾಲವನ್ನು ಹಾಡಿಹೊಗಳಲು ನಾನು ಸಿದ್ಧನಿಲ್ಲ. ದೇವಸ್ಥಾನದ ಪ್ರಾಂಗಣದಲ್ಲಿ ನಡೆದ ವಾಚನಕ್ಕೆ ಊರಿನ ಎಲ್ಲರಿಗೂ ಪ್ರವೇಶವಿರಲಿಲ್ಲ. ಓದುವ ಕ್ರಮವನ್ನು ಅಲ್ಲಿಂದ ಪಡೆಯೋಣ. ಬಾಗಿಲು ಮಾತ್ರ ನಮ್ಮದಾಗಿರಲಿ, ತೆರೆದೇ ಇರಲಿ.

ಇನ್ನು ಆಯ್ಕೆ ಯಾರದಾಗಬೇಕು? ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಚಂದಾದಾರರನ್ನು ನೆನೆಯಿರಿ. ಅವರು ಹಣವನ್ನು ಮುಂಚೆ ಕೊಡುತ್ತಿದ್ದರು, ಯಾವ ಪುಸ್ತಕ ಬರುತ್ತದೆಂಬುದನ್ನು ಮಾಲೆಯನ್ನು ಕಟ್ಟಿದ ಜಿ.ಬಿ. ಜೋಶಿಯವರಿಗೂ ಕೀರ್ತಿನಾಥ ಕುರ್ತಕೋಟಿಯಂಥ ಅವರ ಸಲಹೆಗಾರರಿಗೂ ಬಿಟ್ಟಿದ್ದರು. ಹಾಗೆ ಮನೆಬಾಗಿಲಿಗೆ ಬಂದ ಪುಸ್ತಕಗಳಲ್ಲಿ 1961ರ ‘ಯಯಾತಿ’ಯಿತ್ತು, ಅದನ್ನು ಬರೆದ ಗಿರೀಶ ಕಾರ್ನಾಡರು ಆಗಿನ್ನೂ ಇಪ್ಪತ್ತರ ಹರೆಯದವರು. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಬಂತು. ಬಹುಮತಕ್ಕೆ ಹಾಕಿದ್ದರೆ ‘ಸಂಸ್ಕಾರ’ ಎಷ್ಟು ಮನೆಗಳಲ್ಲಿ ಗೆಲ್ಲುತ್ತಿತ್ತು? ಬಹುಮತ ಬಲ್ಲದ್ದು ನಮಗೆ ಈಗಾಗಲೇ ಇಷ್ಟವಾಗಿರುವುದನ್ನು ಮಾತ್ರ. ಆದ್ದರಿಂದ ಓದುಕೂಟದಲ್ಲಿ ಸರದಿಯ ಮೇಲೆ ಒಬ್ಬೊಬ್ಬರಿಗೆ ಆಯ್ಕೆಯ ಹೊಣೆ ಕೊಡುವುದು ಲೇಸು. ಆರಿಸಿದವರು ಯಾಕೆ ಆರಿಸಿದೆವೆಂದು ಹೇಳಲಿ, ಉಳಿದವರು ನಂಬಿ ಓದಲಿ.

ನೆರೆಹೊರೆಗೆ ತನ್ನದೇ ಒಂದು ಸಂಪತ್ತಿದೆ, ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನ ಒಂದು ಅಡ್ಡರಸ್ತೆಯಲ್ಲಿ ಧಾರವಾಡದವರು, ಕುಂದಾಪುರದವರು, ಕಲಬುರಗಿಯವರು, ಚಾಮರಾಜನಗರದವರು ಅಕ್ಕಪಕ್ಕ ಇರುತ್ತಾರೆ, ಒಬ್ಬೊಬ್ಬರ ಕನ್ನಡವೂ ಒಂದೊಂದು ಬಗೆ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಾತ್ರದಲ್ಲಿ ಚಿಕ್ಕ ಕಾದಂಬರಿ. ಆದರೂ ನಂಜನಗೂಡು ಸೀಮೆಯ ದಲಿತರ ಆಡುನುಡಿಯಲ್ಲಿ ಬರೆದದ್ದಾದ್ದರಿಂದ ಅರ್ಥವಾಗದೆಂದು ಅರ್ಧಕ್ಕೆ ಮುಚ್ಚಿಟ್ಟವರು ಅನೇಕರು. ಪಂಪನ ಕಾವ್ಯವನ್ನು ಸಂಪಾದಿಸಿದ ವಿದ್ವಾಂಸ ಎಲ್. ಬಸವರಾಜು ಈ ಗದ್ಯವನ್ನು ಪದ್ಯದಂತೆ ಸಾಲು ಸಾಲಾಗಿ ಬಿಡಿಸಿ ಪ್ರಕಟಿಸಿದರು. ಇದು ಗಟ್ಟಿಯಾಗಿ ಓದಬೇಕಾದ ಕೃತಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು. ಆ ಸೀಮೆಯಿಂದ ಬಂದ ನೆರೆಯವರೊಬ್ಬರು ಎರಡು ಪುಟ ಓದಿ ಹೇಳಿದರೆ ನಿಘಂಟು ಮಾಡಲಾಗದ ಕೆಲಸ ಆಗಿಬಿಡುತ್ತದೆ. ಬೇಂದ್ರೆಯವರ ಪದ್ಯಕ್ಕೆ ಧಾರವಾಡದವರು ದನಿಯಾಗಲಿ, ವೈದೇಹಿಯವರ ಕಥೆಗೆ ಕುಂದಾಪುರದವರು. ಸಭೆಗಳಲ್ಲಿ ಬಾಯಿಬಿಡದ ಹಿರಿಯ ಹೆಂಗಸರೊಬ್ಬರು ಅಂಥ ದಿನ ಇಡೀ ಕೂಟಕ್ಕೆ ಗುರುವಾಗಬಲ್ಲರು.

ದುಡಿದು ದಣಿದು ಬಂದವರ ಮೇಲೆ ಕಷ್ಟದ ಪುಸ್ತಕ ಹೇರಬಾರದು, ಹೇರಿದರೆ ಕೂಟವೇ ಮುರಿಯುತ್ತದೆ ಎನ್ನುವವರಿದ್ದಾರೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ದಣಿವಿಗೆ ಪರಿಹಾರ ಪುಟಗಳನ್ನು ಹಂಚಿಕೊಳ್ಳುವುದರಲ್ಲಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರ ಕಾದಂಬರಿ. ಅದರ ಗಾತ್ರಕ್ಕೆ ಹೆದರಿದವರು ಬಹಳ. ಅದನ್ನೇ 2010ರಲ್ಲಿ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಸುಮಾರು ಒಂಬತ್ತು ಗಂಟೆಯ ನಾಟಕವಾಗಿ ಆಡಿತು. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆಯುತ್ತ ಜನ ಬೆಳಗಿನವರೆಗೆ ನೋಡಿದರು. ಜೊತೆಯಿದ್ದರೆ ಜನಕ್ಕೆ ತಾಳ್ಮೆಯಿದೆ. ವರ್ಷವಿಡೀ ಒಂದೇ ಪುಸ್ತಕವಾದರೂ ಚಿಂತೆಯಿಲ್ಲ. ಹನ್ನೆರಡು ಪುಸ್ತಕ ಮುಗಿಸಲೇಬೇಕೆಂದು ಯಾರೂ ಆಣೆ ಇಟ್ಟಿಲ್ಲ.

ಕಬ್ಬನ್ ಪಾರ್ಕಿನಲ್ಲಿ ಶನಿವಾರಗಳಂದು ನೂರಾರು ಜನ ತಮ್ಮ ತಮ್ಮ ಪುಸ್ತಕ ತಂದು ಮೌನವಾಗಿ ಓದುವುದನ್ನು ತೋರಿಸಿ, ಎಲ್ಲರಿಗೂ ಒಂದೇ ಪುಸ್ತಕ ಯಾಕೆ ಎಂದು ಕೇಳುವವರೂ ಇದ್ದಾರೆ. ಆ ಮೌನದ ಓದು ಚೆಲುವಾದದ್ದು, ನಡೆಯಲಿ. ಅಪರಿಚಿತರಿಗೆ ಅದು ಸಾಕು. ದಿನಾ ಮುಖ ನೋಡುವ ನೆರೆಹೊರೆಯವರು ಮಾತಾಡಬೇಕು, ಮಾತಿಗೆ ನಡುವೆ ಒಂದು ಪುಸ್ತಕ ಬೇಕು. ಮಾತು ಜಗಳವಾದರೆ ಎಂಬ ಅಂಜಿಕೆ ‘ಸಂಸ್ಕಾರ’ದಂಥ ಕೃತಿಯ ಹೆಸರೆತ್ತಿದ ಕೂಡಲೇ ಹುಟ್ಟುತ್ತದೆ. ಜಾತಿ, ಧರ್ಮದ ಬಗೆಗಿನ ಭಿನ್ನಾಭಿಪ್ರಾಯ ಪುಸ್ತಕ ತಂದುಹಾಕಿದ್ದಲ್ಲ, ಬೀದಿಯಲ್ಲಿ ಮೊದಲೇ ಇದೆ. ಆ ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯರ ನೆಪದಲ್ಲಿ ಆ ಮಾತು ಆಡಿದರೆ ಎದುರು ಮನೆಯವರ ಮುಖಕ್ಕೆ ಹೊಡೆದಂತೆ ಆಗುವುದಿಲ್ಲ. ಕನ್ನಡ ಓದಲು ಬಾರದ ನೆರೆಯವರನ್ನೂ ಬಿಡಬೇಕಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಅರ್ಧ ಜನ ಇಂಗ್ಲಿಷಿನಲ್ಲಿ, ಅರ್ಧ ಜನ ಕನ್ನಡದಲ್ಲಿ ಒಂದೇ ಕಥೆ ಓದಿ ಬರಲಿ.

ನಿಮ್ಮ ಬೀದಿಯಲ್ಲಿ ಓದುಕೂಟ ಇದ್ದರೆ, ಅಥವಾ ಶುರುಮಾಡುವ ಮನಸ್ಸಿದ್ದರೆ, ಮೊದಲು ಯಾರು ಯಾವ ಊರಿನವರು, ಯಾರ ಮನೆಯಲ್ಲಿ ಯಾವ ಮಾತು ಎಂದು ಕೇಳಿಕೊಳ್ಳಿ. ಪುಸ್ತಕವನ್ನು ಆಮೇಲೆ ಆರಿಸಿ. ಯಾವುದೂ ಹೊಳೆಯದಿದ್ದರೆ ‘ಕುಸುಮಬಾಲೆ’ಯನ್ನು ತನ್ನಿ, ಮೊದಲ ಪುಟವನ್ನು ಯಾರಾದರೂ ಗಟ್ಟಿಯಾಗಿ ಓದಲಿ.