ಕೂಸು ಹುಟ್ಟುವ ಮುನ್ನ ಕುಲಾವಿ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)

ನಾಡು ನುಡಿಯ ಮಾತು ಬಿಟ್ಟು ಹೆರಿಗೆಯ ಚೀಲದ ಮಾತೇಕೆ ಎಂದು ನೀವು ಕೇಳಬಹುದು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನಿಗೂ ಈ ವಿಷಯಕ್ಕೂ ಏನು ನಂಟು ಎಂದೂ ಕೇಳಬಹುದು. ಎರಡಕ್ಕೂ ಉತ್ತರ ಮುಂದೆ ತಾನಾಗಿ ಬರುತ್ತದೆ.

"ಕೂಸು ಹುಟ್ಟುವ ಮುನ್ನ ಕುಲಾವಿ" ಎಂಬ ಗಾದೆಯನ್ನು ನಾವು ಆತುರಗಾರರನ್ನು ಹಂಗಿಸಲು ಬಳಸುತ್ತೇವೆ. ಗಾದೆ ಹುಟ್ಟಿದ ಊರಿನಲ್ಲಿ ಅದು ಸಲ್ಲುತ್ತಿತ್ತು. ಸೂಲಗಿತ್ತಿ ಅದೇ ಓಣಿಯವಳು; ಹಳೆಯ ಮೆತ್ತನೆಯ ಸೀರೆ, ಕೌದಿ ಮನೆಯಲ್ಲೇ; ಅಂಟು, ಅಳ್ವಿ ಡಬ್ಬಿಯಲ್ಲಿ. ಕೂಸು ಅತ್ತ ಮೇಲೆ ಕುಲಾವಿ ಹುಡುಕಿದರೂ ನಡೆಯುತ್ತಿತ್ತು. ಈಗಲೂ ಎಷ್ಟೋ ಹೆಣ್ಣುಮಕ್ಕಳು ಕುಬುಸ ಮುಗಿಸಿ ಧಾರವಾಡಕ್ಕೋ ವಿಜಯಪುರಕ್ಕೋ ತವರಿಗೆ ಹೋಗುತ್ತಾರೆ. ಆದರೆ ಹೋಗಲಾರದವರೂ ಬಹಳ: ನೌಕರಿಯವರು, ಎರಡನೆಯ ಬಸುರಿನವರು, ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿಯಿಂದ ಬಂದವರು. ಇವರಿಗೆ ಪುಣೆಯ ಬಾಡಿಗೆ ಮನೆಯಲ್ಲಿ ತವರುಮನೆಯೆಲ್ಲ ಒಂದು ಚೀಲದೊಳಗೆ ಕೂಡಬೇಕು.

ನಮ್ಮ ಮಗಳು ಹುಟ್ಟಿದ ರಾತ್ರಿ ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನ ಪಕ್ಕದಲ್ಲಿ ಕಲಬುರಗಿ ಕಡೆಯ ಗೌಂಡಿಯೊಬ್ಬ ಕುಳಿತಿದ್ದ. ನರ್ಸಮ್ಮ ಬಾಗಿಲು ತೆರೆದು ಅವನಿಗೆ "ದುಪಟಂ ದ್ಯಾ" ಎಂದಳು. ಅವನು ಲಗುಬಗೆಯಿಂದ ಹೊದೆಯುವ ದೊಡ್ಡ ದುಪ್ಪಟಿಯನ್ನೇ ತೆಗೆದುಕೊಟ್ಟ. ನರ್ಸಮ್ಮ ಕೇಳಿದ್ದು ಕೂಸನ್ನು ಸುತ್ತುವ ಪುಟ್ಟ ಬಟ್ಟೆ. ಆತ ಚೀಲವನ್ನೆಲ್ಲ ಬೆಂಚಿನ ಮೇಲೆ ಸುರುವಿದ. ಹೆಂಡತಿ ಜೋಡಿಸಿದ ಚೀಲ. ಎಲ್ಲಿ ಏನಿದೆ ಅವಳಿಗೊಬ್ಬಳಿಗೇ ಗೊತ್ತು, ಅವಳು ಒಳಗೆ. ಕೊನೆಗೆ ಮರಾಠಿ ಅಜ್ಜಿಯೊಬ್ಬಳು ತನ್ನ ಗಂಟಿನಿಂದ ಒಂದು ದುಪಟೆಯನ್ನು ತೆಗೆದು ಕೊಟ್ಟಳು. ಮರಾಠಿಗರಲ್ಲಿ ಕೂಸಿನ ಅಂಗಿ, ಟೋಪಿ, ದುಪಟೆ ಜೋಡಿಸಿ ಕೊಡುವುದಕ್ಕೆ ಬಾಳಂತವಿಡಾ ಎಂಬ ಹೆಸರೇ ಉಂಟು. ಅಜ್ಜಿಗೆ ಹುಡುಕುವ ಕೆಲಸವಿರಲಿಲ್ಲ.

ಹೆರುವವಳು ಚೀಲ ಕಟ್ಟುತ್ತಾಳೆ. ಬಿಚ್ಚುವವನು ಹೊರಗೆ ಕುಳಿತವನು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ, ಇಬ್ಬರೂ ಕೂಡಿಯೇ ತೆರೆಯಬೇಕು. ಈ ಚೀಲಕ್ಕೆ ಆ ಪದ್ಧತಿ ಸಲ್ಲದು. ಜಂಟಿ ಖಾತೆಯಂತೆ ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತಿರಬೇಕು. ಆದ್ದರಿಂದ ಗಂಡಸರೇ, ಚೀಲ ತುಂಬುವಾಗ ನೀವೂ ಪಕ್ಕದಲ್ಲಿ ಕೂಡಿರಿ. ಕೂಸಿನ ಬಟ್ಟೆ ಬೇರೆ ಗಂಟು, ತಾಯಿಯದು ಬೇರೆ. ಎಲ್ಲಕ್ಕೂ ಮೇಲೆ ಕುಲಾವಿ ಮತ್ತು ಸುತ್ತುವ ಬಟ್ಟೆ. ಹುಟ್ಟಿದ ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಒರೆಸಿ, ತಲೆ ಮುಚ್ಚಿ, ತಾಯಿಯ ಎದೆಗೆ ಹಾಕಬೇಕು. ಹುಟ್ಟುವ ಮುಂಚೆ ಹೊಸ ಬಟ್ಟೆ ತರಬಾರದೆಂಬ ಹಿರಿಯರೊಡನೆ ವಾದ ಬೇಡ. ಒಗೆದು ಬಿಸಿಲಿಗೆ ಹಾಕಿದ ಹಳೆಯ ಹತ್ತಿಬಟ್ಟೆಯೇ ಕೂಸಿಗೆ ಹಿತ.

ಉಳಿದುದನ್ನು ಬೇಗ ಹೇಳಿಬಿಡುತ್ತೇನೆ. ತಾಯಿಗೆ ಮುಂದೆ ಗುಂಡಿಯಿರುವ ಸಡಿಲ ನೈಟಿ ಎರಡು ಮೂರು, ಒಳ ಉಡುಪು, ದೊಡ್ಡ ಪ್ಯಾಡು, ಟವೆಲು, ಚಪ್ಪಲಿ, ಲೋಟ, ಫೋನಿನ ಚಾರ್ಜರು. ಬಂಗಾರ ಬೇಡ, ಶಸ್ತ್ರಕ್ರಿಯೆಗೆ ಮುನ್ನ ಅದನ್ನೆಲ್ಲ ತೆಗೆಸುತ್ತಾರೆ, ಅರ್ಧರಾತ್ರಿ ಅದು ಗಂಡನ ಕಿಸೆ ಸೇರುತ್ತದೆ. ಜೇನು, ಬೆಲ್ಲದ ನೀರು, ಬಜೆ, ಗುಟ್ಟಿ ಇವೂ ಬೇಡ. ಒಂದು ಗಂಟೆಯೊಳಗೆ ಮೊಲೆಹಾಲು, ಆರು ತಿಂಗಳು ಅದೊಂದೇ ಎಂದು ವೈದ್ಯರು ಹೇಳುತ್ತಾರೆ. ಅಂಟಿನ ಉಂಡಿ ಬಾಣಂತಿಗೆ, ಅದೂ ಮನೆಗೆ ಬಂದ ಮೇಲೆ.

ಇನ್ನು ಭಾಷೆ. ನಮ್ಮಲ್ಲಿ ಕಳೆ ಎಂದರೆ ಹೊಲದಲ್ಲಿ ಕೀಳುವುದು, ಇಲ್ಲವೆ ಮುಖದಲ್ಲಿ ಹೊಳೆಯುವುದು. ಇಲ್ಲಿ "ಕಳಾ" ಎಂದರೆ ಹೆರಿಗೆಯ ಬ್ಯಾನಿ. ಊರಿಂದ ಬಾಣಂತನಕ್ಕೆ ಬಂದ ತಾಯಿಗೆ ಇದು ಹೇಗೆ ತಿಳಿಯಬೇಕು? ಕನ್ನಡ ಅಕ್ಷರದಲ್ಲಿ ನಾಲ್ಕು ಮಾತು ಬರೆದು ಚೀಲದ ಹೊರಗಿಸೆಯಲ್ಲಿಡಿ. ಬ್ಯಾನಿ ಬರುತ್ತಿವೆ: "ಕಳಾ ಯೇತ ಆಹೇತ." ನೀರು ಹೋಗುತ್ತಿದೆ: "ಪಾಣೀ ಜಾತಂಯ್." ರಕ್ತ ಹೋಗುತ್ತಿದೆ: "ರಕ್ತ ಜಾತಂಯ್." ಕೂಸು ಮಿಸುಕುತ್ತಿಲ್ಲ: "ಬಾಳ ಹಲತ ನಾಹೀ." ಕೊನೆಯ ಮೂರರಲ್ಲಿ ಯಾವುದಾದರೂ ಕಂಡರೆ ಚೀಲ ಹುಡುಕುತ್ತ ನಿಲ್ಲಬೇಡಿ, 108ಕ್ಕೆ ಕರೆ ಮಾಡಿ ಹೊರಡಿ. ಚೀಲ ಹಿಂದಿನಿಂದ ಬರಲಿ.

ಈಗ ನನ್ನ ಕಸುಬಿನ ಮಾತು, ಕಾಗದಪತ್ರ. ತಾಯಿ-ಮಗು ಕಾರ್ಡು, ರಕ್ತದ ಗುಂಪು, ಸ್ಕ್ಯಾನಿಂಗ್ ವರದಿ, ಆಧಾರ್ ಇವು ಒಂದೇ ಲಕೋಟೆಯಲ್ಲಿರಲಿ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಕ್ರಿಯೆಯಾದರೂ, ಉಚಿತ. ಔಷಧ, ರಕ್ತ, ಊಟವೂ ಸೇರಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಬಂದ ಹಕ್ಕು ಇದು, ಪರರಾಜ್ಯದವರೆಂದು ಸಂಕೋಚ ಬೇಡ. ಆದರೆ ಎಲ್ಲಕ್ಕಿಂತ ಮುಖ್ಯವಾದ ಕಾಗದ ಒಂದು ಚೀಟಿ: ತಂದೆತಾಯಿಯರ ಹೆಸರು, ಆಧಾರಿನಲ್ಲಿ ಇದ್ದಂತೆಯೇ, ಇಂಗ್ಲಿಷಿನಲ್ಲಿ ಮತ್ತು ದೇವನಾಗರಿಯಲ್ಲಿ. ಇಲ್ಲಿಯ ರೂಢಿಯಲ್ಲಿ ಹೆಸರು, ಗಂಡನ ಹೆಸರು, ಅಡ್ಡಹೆಸರು ಕೇಳುತ್ತಾರೆ. ಅಡ್ಡಹೆಸರಿಲ್ಲದ ನಮ್ಮ ಮಲ್ಲವ್ವ ಗಡಿಬಿಡಿಯಲ್ಲಿ "ಮಾಲವಾ" ಆಗುತ್ತಾಳೆ, ಊರ ಹೆಸರು ಅಡ್ಡಹೆಸರಾಗುತ್ತದೆ. ಮಗುವಿನ ಹೆಸರಿನಲ್ಲಿ ಖಾತೆ ತೆರೆಯಲು ಬಂದ ತಂದೆಯರು ನನ್ನ ಕೌಂಟರಿನ ಮುಂದೆ ನಿಂತು, ಜನನಪತ್ರದ ತಾಯಿಯೂ ಆಧಾರಿನ ತಾಯಿಯೂ ಒಬ್ಬಳೇ ಎಂದು ಪ್ರಮಾಣ ಮಾಡುವುದನ್ನು ಹಲವು ಸಲ ನೋಡಿದ್ದೇನೆ. ದಿನಗೂಲಿಯವನಿಗೆ ತಿದ್ದುಪಡಿಯ ಪ್ರತಿ ಓಡಾಟವೂ ಒಂದು ದಿನದ ಕೂಲಿ. 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ ಮೊದಲಾದವಕ್ಕೆ ಹುಟ್ಟಿದ ದಿನದ ಆಧಾರ ಆ ಜನನಪತ್ರವೇ. ಜನನ ನೋಂದಣಿ ಊರಿನಲ್ಲಲ್ಲ, ಹುಟ್ಟಿದ ಸ್ಥಳದಲ್ಲಿ. ಆಸ್ಪತ್ರೆಯವರೇ ಕಳಿಸುತ್ತಾರೆ, ಅವಧಿ 21 ದಿನ. ಮನೆಗೆ ಹೊರಡುವ ಮುನ್ನ ಅವರು ಬರೆದುದನ್ನು ಒಮ್ಮೆ ಓದಿ ನೋಡಿರಿ. ಕೂಸಿನ ಹೆಸರಿಗೆ ಅವಸರವಿಲ್ಲ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಸೋದರತ್ತೆಯರು ಜಗಳಾಡಲು ಅಷ್ಟು ಕಾಲ ಸಾಕು.

ಎಂಟನೆಯ ತಿಂಗಳು ತುಂಬುವ ಹೊತ್ತಿಗೆ ಚೀಲ ಬಾಗಿಲ ಬಳಿ ಇರಲಿ. ಮರಾಠಿ ಮಾತುಗಳ ಹಾಳೆಯನ್ನೂ ಹೆಸರಿನ ಚೀಟಿಯ ನಮೂನೆಯನ್ನೂ ನೂರು ಪ್ರತಿ ಮಾಡಿಸಿ ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ. ಕಟ್ಟಡಗಳ ಕಡೆ ಪರಿಚಯವಿರುವವರು ಹತ್ತು ಹತ್ತು ಒಯ್ಯಿರಿ. ಓದು ಬಾರದವರಿಗೆ ನಿಂತು ಓದಿ ಹೇಳಿರಿ.